ಹೊಸ ಸೀಟು, ವರನ ತಾಯಿಯ ಸೀನು

ಗೆಳೆಯರೇ, ನನ್ನ ತಲೆ ಇನ್ನೂ ಗಿರ್ರೆನ್ನುತ್ತಿದೆ. ತಂಗಿಯನ್ನು ನೋಡಲು ಬರುವ ವರನ ಕಡೆಯವರನ್ನು ಇಂದು ರಾಣೆಬೆನ್ನೂರಿನಿಂದ ಹಾವೇರಿಯ ನಮ್ಮ ಮನೆಗೆ ಕರೆತರಬೇಕಿತ್ತು. ಅದಕ್ಕೆಂದೇ, ದಿನವೂ ಬ್ಯಾಡಗಿಯ ಶಾಲೆಗೆ ಓಡಿಸುವ ನನ್ನ ಸಣ್ಣ ಕಾರಿಗೆ ಕ್ಯಾಸೆಟ್ ಟೇಪು, ಮೆತ್ತನೆಯ ಹೊಸ ಸೀಟು ಹಾಕಿಸಿದ್ದೆ.

ಹತ್ತಿದೊಡನೆ ವರನ ತಾಯಿ ಸೀನಿದರು.

"ಒಂಟಿ ಸೀನು! ಇಳೀರಿ ಎಲ್ಲಾರೂ," ಎಂದರು ವರನ ತಂದೆ.

ಇಳಿದು, ನೀರು ಕುಡಿದು, ಮತ್ತೆ ಹತ್ತಿದರು. ಈಗ ವರನೂ ಸೇರಿ ಮೂವರೂ ಸೀನಿದರು. ನನಗೆ ಮಾತ್ರ ಏನೂ ಆಗಲಿಲ್ಲ! ಗಾಬರಿಯಾಗಿ ದಾರಿಯಲ್ಲೇ ಬ್ಯಾಡಗಿಗೆ ತಿರುಗಿಸಿ, ಸೀಟು ಹೊಲಿದ ಖಾಸಿಂಸಾಬರ ಅಂಗಡಿ ಮುಂದೆ ನಿಲ್ಲಿಸಿದೆ.

"ಒಳಗ ಏನ್ ತುಂಬೀರಿ ಸಾಬ್ರ?"

"ಮೆಣಸಿನಕಾಯಿ ಖಾಲಿ ಚೀಲರೀ ಮಾಸ್ತರ. ಭಾಳ ಮೆತ್ತಗ ಇರ್ತಾವ." ತಾವೇ ಹತ್ತಿ ಕುಳಿತು ತೋರಿಸಿದರು. "ನೋಡ್ರಿ, ನಾ ಸೀನಿದ್ನೇನು? ನಮ್ಮೂರಾಗ ಇದಕ್ಕ ಯಾರೂ ಸೀನಂಗಿಲ್ರಿ!"

ನಾನೂ ಅದೇ ಊರಿನ ಗಾಳಿ ಕುಡಿದವನು.

ಒಂಟಿ ಸೀನು ಅಪಶಕುನವಂತೆ, ಜೋಡಿ ಸೀನು ಶುಭವಂತೆ. ಹಾವೇರಿ ಮುಟ್ಟುವವರೆಗೆ ಸೀನಿದ್ದು ಸಮವೋ ಬೆಸವೋ ಎಂದು ವರನ ತಂದೆ-ತಾಯಿ ನಮ್ಮ ಪಡಸಾಲೆಯಲ್ಲಿ ಇನ್ನೂ ವಾದಿಸುತ್ತಿದ್ದಾರೆ. ಚಹಾ ಹಿಡಿದು ನಿಂತ ತಂಗಿಯ ಕಡೆ ಯಾರೂ ನೋಡಿಯೇ ಇಲ್ಲ.