ಮೇಷ್ಟ್ರಮ್ಮ ಪೊಲೋನಾ ಬರೆದ ಕತೆ

ಸ್ಲೊವೀನ್ ಜನರ ಕ್ರಾಸ್ ಎಂಬ ಕಲ್ಲುನೆಲದ ಸೀಮೆಯ ದೋಲೆಂಚೆ ಎಂಬ ಹಳ್ಳಿಯಲ್ಲಿ ಪೊಲೋನಾ ಬ್ರತುಷ್ ಶಾಲೆಯ ಮೇಷ್ಟ್ರಮ್ಮನಾಗಿದ್ದಳು. ಹುಟ್ಟು ಪುಕ್ಕಲಿ. ಕಲ್ಲುಗಣಿಯಲ್ಲಿ ಮದ್ದು ಸಿಡಿದಾಗಲೆಲ್ಲ ಮೇಜಿನಡಿ ತೂರಿಕೊಳ್ಳುತ್ತಿದ್ದ ಹುಡುಗಿ. ಅಂಥದೊಂದು ಸಿಡಿತದಲ್ಲೇ ಅವಳಪ್ಪ ಹೋದ. ಕೆಲಸ ಹಿಡಿದ ಮೇಲೂ ಶಾಲೆಗಳ ಇನ್ಸ್‌ಪೆಕ್ಟರು ಬಂದರೆ ಅವಳ ಕೈಯಲ್ಲಿ ಸೀಮೆಸುಣ್ಣ ಪುಡಿಯಾಗುತ್ತಿತ್ತು. ಇಂಥವಳು ಒಂದು ಕತೆ ಬರೆದಳು. ಹೆಂಗಸರೂ ಕತೆ ಬರೆಯುತ್ತಾರೆಂದು ಆ ಸೀಮೆಯಲ್ಲಿ ಯಾರೂ ಕನಸಿನಲ್ಲೂ ಎಣಿಸದಿದ್ದ ಕಾಲ ಅದು.

ಊರಿನ ನೇಜಾ ತನ್ನ ಹಸುಗೂಸನ್ನು ಅತ್ತೆಯ ಕೈಗೆ ಕೊಟ್ಟು, ತ್ರಿಯೆಸ್ತೆ ಬಂದರಿನ ಸಾಹುಕಾರರ ಮಗುವಿಗೆ ಮೊಲೆಯೂಡಲು ಹೋಗಿದ್ದಳು. ಆ ಮಗು ಮೈತುಂಬಿಕೊಂಡಿತು. ಇವಳ ಕೂಸು ಮೇಕೆ ಹಾಲು ಹಿಡಿಸದೆ ತೀರಿಕೊಂಡಿತು. ಊರಲ್ಲಿ ಅದರ ಮಾತೆತ್ತುವವರೇ ಇಲ್ಲ. ಬಹಳ ಮನೆಗಳ ಹೆಂಗಸರು ಹಾಗೆಯೇ ಹೋಗಿಬಂದವರು. ಪೊಲೋನಾ ಅದನ್ನೇ ಬರೆದು, 'ಕ್ರಾಸಿನವನು' ಎಂಬ ಗಂಡು ಹೆಸರಿನಲ್ಲಿ ತ್ರಿಯೆಸ್ತೆಯ ಸ್ಲೊವೀನ್ ಪತ್ರಿಕೆಗೆ ಕಳಿಸಿದಳು.

ಭಾನುವಾರ ಪಾದ್ರಿ ಉರ್ಬಾನ್ ಆ ಪತ್ರಿಕೆಯನ್ನು ಚರ್ಚಿನಲ್ಲಿ ಎತ್ತಿ ಹಿಡಿದರು.

"ನಮ್ಮೂರಿನ ತಾಯಂದಿರನ್ನ ಕೊಲೆಗಾತಿಯರು ಅಂತ ಬರೆದಿದ್ದಾನೆ ಇವನು! ಯಾರೇ ಆಗಿರಲಿ, ಹುಡುಕಿಸ್ತೀನಿ."

ಪೊಲೋನಾ ಪ್ರಾರ್ಥನೆಯ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಶಾಲೆಯ ಮಂಡಳಿಗೆ ಅದೇ ಪಾದ್ರಿಯೇ ಮುಖ್ಯಸ್ಥರು. ಕೆಲಸ ಹೋದರೆ ಶಾಲೆಯ ಮೇಲಿನ ಕೋಣೆಯೂ ಹೋಗುತ್ತದೆ, ಅಲ್ಲಿ ಮಲಗಿರುವ ಕಾಯಿಲೆಯ ಅಮ್ಮನನ್ನು ಎಲ್ಲಿಗೆ ಕರೆದೊಯ್ಯುವುದು?

ಊರಿನ ಅನುಮಾನ ಮಾತ್ರ ಸ್ಟೇಷನ್ ಮಾಸ್ಟರ್ ಗ್ರಾಹೊರನ ಮೇಲೆ ಹೋಯಿತು. ಪಟ್ಟಣದವನು, ದಿನಾ ಪತ್ರಿಕೆ ಓದುವವನು. ನೇಜಾಳ ಗಂಡ ಯಾಕೊಬ್ ವೈನಿನಂಗಡಿಯಲ್ಲಿ ಕೂಗಾಡುತ್ತಿದ್ದುದು ಬೀದಿಯಲ್ಲಿ ಹೋಗುತ್ತಿದ್ದ ಪೊಲೋನಾಳ ಕಿವಿಗೇ ಬಿತ್ತು.

"ಆ ರೈಲಿನವ್ನೇ ಕಣ್ರೋ! ಬರೆದ ಬೆರಳು ಮುರಿದು ಅವನ ಕೈಗೇ ಕೊಡ್ತೀನಿ!"

ಮರುದಿನ ಬೀಸಿದ ಬಿರುಗಾಳಿಯಲ್ಲಿ ಯಾರೋ ಗ್ರಾಹೊರನ ಕಿಟಕಿಗೆ ಕಲ್ಲು ತೂರಿದರು. ಅವನ ಹೆಂಡತಿಯ ಹಣೆ ಒಡೆಯಿತು. ಪೊಲೋನಾ ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಳು.

ಆ ವಾರವೇ ಒಂದು ಮಧ್ಯಾಹ್ನ, ಮಕ್ಕಳು ಹೋದ ಮೇಲೆ, ನೇಜಾ ಪತ್ರಿಕೆ ಹಿಡಿದು ಶಾಲೆಗೆ ಬಂದಳು.

"ಮೇಷ್ಟ್ರಮ್ಮ, ಇದ್ರಲ್ಲಿ ನನ್ ಕತೆ ಐತಂತೆ. ನಂಗೆ ಓದೋಕೆ ಬರಲ್ಲ. ಕೇಳಿದ್ರೆ ಎಲ್ರೂ ಮುಖ ತಿರುಗಿಸ್ತಾರೆ. ನೀವಾದ್ರೂ ಓದಿ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಪೊಲೋನಾ ಓದಿದಳು. ಓದುತ್ತ ಓದುತ್ತ ಕಣ್ಣು ತುಂಬಿ ಹರಿಯಿತು.  ಮುಗಿದ ಮೇಲೆ ನೇಜಾ ಮೆಲ್ಲಗೆ ಕೇಳಿದಳು:

"ಬರೆದೋರು ನೀವೇ ಅಲ್ವಾ?"

"ಯಾ... ಯಾಕೆ ಹಂಗಂತೀಯ?"

"ಕಡೆಕಡೆಗೆ ನೀವು ಪೇಪರ್ ನೋಡ್ತಾನೇ ಇರ್ಲಿಲ್ಲ."

 ಇವಳು ಈಗಲೇ ಎದ್ದು ಹೋಗಿ ಯಾಕೊಬನಿಗೆ ಹೇಳುತ್ತಾಳೆ ಎಂದುಕೊಂಡಳು ಪೊಲೋನಾ. ನೇಜಾ ಏಳಲಿಲ್ಲ.

"ಕತೇಲಿ ಕೂಸಿಗೆ ಹೆಸರೇ ಇಟ್ಟಿಲ್ವಲ್ಲ ನೀವು."

"ಭಯ ಆಯ್ತು, ನೇಜಾ."

"ತಿನೆ ಅಂತ ಇತ್ತು. ಮನೇಲಿ ಯಾರೂ ಆ ಹೆಸರು ಎತ್ತಲ್ಲ. ನಾನೂ ಎತ್ತಲ್ಲ." ಹೊದ್ದ ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ಮುಂದಿನ ಭಾನುವಾರ ಪೂಜೆ ಮುಗಿದು ಜನ ಹೊರಬಂದಾಗ, ಚರ್ಚಿನ ಅಂಗಳದಲ್ಲೇ ಯಾಕೊಬ್ ಗ್ರಾಹೊರನ ಕೊರಳಪಟ್ಟಿ ಹಿಡಿದ. ಪೊಲೋನಾ ಜನರ ನಡುವಿನಿಂದ ನುಸುಳಿ ಮುಂದೆ ಬಂದಳು. 

"ಅವ್ರನ್ನ ಬಿಡಿ. ಬರೆದಿದ್ದು ನಾನು."

ಪಾದ್ರಿ ನಕ್ಕುಬಿಟ್ಟರು. "ಯಾರನ್ನ ಉಳಿಸೋಕೆ ಹೊರಟಿದ್ದೀರಿ, ಮೇಷ್ಟ್ರಮ್ಮ? ಹೆಂಗಸು ಬರೆಯೋ ಮಾತಾ ಇದು?"

"ಹುಂಜ ಅಟ್ಟಿಸ್ಕೊಂಡು ಬಂದ್ರೆ ಓಡೋಳು, ಕತೆ ಬರೀತಾಳಂತೆ!" ಎಂದ ಇನ್ನೊಬ್ಬ. ಅಂಗಳವೆಲ್ಲ ನಕ್ಕಿತು.

ಆಗ ಪೊಲೋನಾ ಕಣ್ಣು ಮುಚ್ಚಿಕೊಂಡು ಕತೆಯ ಮೊದಲ ಸಾಲಿನಿಂದ ಹೇಳತೊಡಗಿದಳು. ರೈಲು ಹತ್ತಿದ ತಾಯಿ, ಊರು ಮರೆಯಾಗುವ ಮೊದಲೇ ಎದೆಹಾಲಿನಿಂದ ತೊಯ್ದ ಅವಳ ರವಿಕೆ. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ನಗು ಒಬ್ಬೊಬ್ಬರದಾಗಿ ಅಡಗಿತು. ಯಾಕೊಬ್ ಗ್ರಾಹೊರನನ್ನು ಬಿಟ್ಟು ಇವಳ ಕಡೆ ಬಂದ, ಮುಷ್ಟಿ ಬಿಗಿದಿತ್ತು. ಹೆಜ್ಜೆ ಸದ್ದಿಗೆ ಪೊಲೋನಾಳಿಗೆ ಓಡಬೇಕೆನಿಸಿತು. ಮುಂದಿನ ಸಾಲು ಹೇಳಿದಳು.

ನೇಜಾ ನುಗ್ಗಿ ಬಂದು ಅಡ್ಡ ನಿಂತಳು.

"ಹೊಡೆಯೋದಾದ್ರೆ ನನ್ನ ಹೊಡಿ. ನಮ್ ತಿನೆಗೋಸ್ಕರ ಅತ್ತೋಳು ಈ ಊರಲ್ಲಿ ಇವಳೊಬ್ಳೇ."

ಆ ಹೆಸರು ಕೇಳಿ ಯಾಕೊಬನ ಕೈ ಇಳಿಯಿತು. ಅಂಗಳದ ಕಲ್ಲುಗೋಡೆಯ ಮೇಲೆ ಕುಸಿದು ಕೂತು, ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ಚಳಿ ಹಿಡಿಯುವ ಮೊದಲೇ ಪೊಲೋನಾಳನ್ನು ದೂರದ ಬೆಟ್ಟದ ಶಾಲೆಗೆ ಎತ್ತಿಹಾಕಿದರು. ಅಮ್ಮನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋದಳು. ಅಲ್ಲಿ ಬರೆದ ಕತೆಗಳ ಕೆಳಗೆ ತನ್ನದೇ ಹೆಸರು ಹಾಕಿದಳು. ಧೈರ್ಯ ಬಂತೆಂದಲ್ಲ. ಪ್ರತಿ ಕತೆ ಅಚ್ಚಾದಾಗಲೂ, ಬಾಗಿಲು ಬಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಬಾಗಿಲು ಬಡಿಯುತ್ತಿದ್ದವರು ಹೆಚ್ಚಾಗಿ ಹೆಂಗಸರೇ.

"ನಂದೂ ಒಂದು ಕತೆ ಐತೆ, ಮೇಷ್ಟ್ರಮ್ಮ. ಆದ್ರೆ ನಮ್ಮನೆಯೋರಿಗೆ ಗೊತ್ತಾಗ್ಬಾರ್ದು."

ಪೊಲೋನಾ ಎದ್ದು ಕಿಟಕಿ ಮುಚ್ಚಿದೆಯೇ ಎಂದು ನೋಡಿ ಬರುತ್ತಿದ್ದಳು. ಆಮೇಲೆ, "ಹೂಂ, ಹೇಳು," ಎನ್ನುತ್ತಿದ್ದಳು.