ಮೇಲಿನ ಮನೆಗೆ ಮೊದಲು ನೀರು

ರುದೈನಾ ಭುಜದವರೆಗೂ ಕೈಯನ್ನು ಟ್ಯಾಂಕಿನೊಳಗೆ ಇಳಿಬಿಟ್ಟು, ಕಟ್ಟಿಕೊಂಡಿರುವ ವಾಲ್ವನ್ನು ತಡಕುತ್ತಿದ್ದಾಳೆ. ಜರ್ಕಾ ಊರಿನ ಮಾಳಿಗೆಗಳ ಮೇಲೆ ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಇವತ್ತು ಈ ಬೀದಿಗೆ ನೀರಿನ ದಿನ. ತಪ್ಪಿದರೆ ಇನ್ನೊಂದು ವಾರ ಕಾಯಬೇಕು.

“ಸಿಕ್ತೇನೇ?” ಟಾರ್ಚ್ ಹಿಡಿದು ನಿಂತ ಮೇಲಿನ ಮನೆಯ ಸಬೀಹಾ ಕೇಳುತ್ತಾರೆ.

“ಸಿಕ್ತು ಖಾಲಾ. ಹೋದ ವರ್ಷ ತೊಳೆಸಿದ್ದು ಅಂದ್ರಲ್ಲ, ಯಾವ ಹೋದ ವರ್ಷ? ಒಳಗೆ ತೋಟನೇ ಬೆಳೆದಿದೆ.”

“ಬಾಯಿ ಮುಚ್ಕೊಂಡು ಕೆಲಸ ಮಾಡೇ!” ಎಂದು ಗದರಿದರೂ ಸಬೀಹಾರ ಕೈಯಲ್ಲಿ ಅವಳಿಗೆಂದೇ ತಂದ ಮರಮಿಯಾ ಸೊಪ್ಪಿನ ಚಹಾ ಇದೆ.

ಗಂಡಸರಿಲ್ಲದ ಹೊತ್ತಿನಲ್ಲಿ ಗಂಡು ಪ್ಲಂಬರ್ ಮನೆಯೊಳಗೆ ಬರುವಂತಿಲ್ಲ. ಗಂಡಸರಿದ್ದಾಗ ಬಂದರೂ ಬಾಗಿಲಲ್ಲೇ “ಯಾ ಸಾತಿರ್” ಎಂದು ಎಚ್ಚರಿಕೆಯ ಕೂಗು ಹಾಕಿ, ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳುವವರೆಗೆ ಕಾಯಬೇಕು. ರುದೈನಾಗೆ ಆ ಕಾಟವಿಲ್ಲ. ಪೈಪು ಒಡೆದರೆ ಇಡೀ ಬೀದಿ ಅವಳನ್ನೇ ಕರೆಯುತ್ತದೆ; ದಿನಕ್ಕೆ ನಾಲ್ಕೈದು ಮನೆಯ ಕೆಲಸ.

ಆದರೆ ಬೀದಿಯ ಬಾಯಲ್ಲಿ ಅವಳಿನ್ನೂ ನರ್ಸಮ್ಮ. ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಒಬ್ಬ ನರ್ಸು ಕೊನೆಯವರೆಗೂ ಅವರ ಕೈ ಹಿಡಿದು ಕೂತಿದ್ದಳು. ಅಂದೇ ತಾಯಿ, ಹಿರಿಮಗನ ಹೆಸರಿನಿಂದ ಎಲ್ಲರೂ ‘ನಿಜಾರನ ಅಮ್ಮ’ ಎಂದು ಕರೆಯುವ ಉಮ್ ನಿಜಾರ್, ಮಗಳೂ ನರ್ಸೇ ಆಗಬೇಕೆಂದು ನಿಶ್ಚಯಿಸಿ, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಬಿಳಿ ಕೋಟನ್ನು ತಾವೇ ಹೊಲಿದರು. ರುದೈನಾ ಎರಡು ವರ್ಷ ನರ್ಸಿಂಗ್ ಓದಿದಳು. ರಜೆಯಲ್ಲಿ ಹೆಂಗಸರಿಗೆಂದು ನಡೆದ ಪ್ಲಂಬಿಂಗ್ ತರಬೇತಿಗೆ ಹೋದವಳ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಬೇರೆ ಊರಿನ ಕಾಲೇಜೊಂದು ಅವಳನ್ನು ನೀರಿನ ಇಂಜಿನಿಯರಿಂಗಿಗೆ ಸೇರಿಸಿಕೊಳ್ಳಲು ಒಪ್ಪಿದೆ. ಗಣಿತ, ರಸಾಯನಶಾಸ್ತ್ರ ಬಿಟ್ಟರೆ ಹಿಂದಿನ ಓದು ಯಾವುದೂ ಲೆಕ್ಕಕ್ಕಿಲ್ಲ.

“ಎರಡು ವರ್ಷ ಚರಂಡಿಗೆ ಹೋಯ್ತು,” ಎಂದು ಅಣ್ಣ ನಿಜಾರ್ ಚುಚ್ಚುತ್ತಾನೆ.

“ಚರಂಡಿಗೆ ಬಿದ್ದದ್ದನ್ನ ಎತ್ತೋದೇ ನನ್ನ ಕೆಲಸ,” ಎನ್ನುತ್ತಾಳೆ ಇವಳು.

ಬಾಯಿ ಇಷ್ಟು ಗಟ್ಟಿಯಿದ್ದರೂ, ಹಳೆಯ ಕಾಲೇಜಿನಿಂದ ಬಿಡುಗಡೆ ಕೇಳುವ ಪತ್ರ ಬೇಸಿಗೆಯಿಂದಲೂ ಸ್ಪ್ಯಾನರುಗಳ ಚೀಲದಲ್ಲೇ ಇದೆ. ಗುರುವಾರಕ್ಕೆ ಗಡುವು ಮುಗಿಯುತ್ತದೆ. “ಯಮ್ಮನ್ನ ನಾಲ್ಕು ಜನದ ಮುಂದೆ ಸುಳ್ಳಿ ಮಾಡಿ ಹೋಗಲಾರೆ,” ಎಂದು ಸಬೀಹಾರ ಹತ್ತಿರ ಹೇಳಿಕೊಳ್ಳುತ್ತಾಳೆ.

ತಾಯಿ ಮಗಳ ಜಗಳವೆಲ್ಲ ನೀರಿನ ದಿನವೇ. ಅವರ ಮನೆ ನೆಲಮಟ್ಟದಲ್ಲಿದೆ. ಅಂಗಳದ ತೊಟ್ಟಿಗೆ ಮೊದಲು ನೀರು ನುಗ್ಗುತ್ತದೆ, ಅದು ತುಂಬುವಷ್ಟರಲ್ಲಿ ಒತ್ತಡ ಇಳಿದು ಮಾಳಿಗೆಯ ಟ್ಯಾಂಕುಗಳು ಬರಿದಾಗಿಯೇ ಉಳಿಯುತ್ತವೆ. “ಜೋರಿದ್ದಾಗ ಮೇಲಿನವರು ತುಂಬ್ಕೊಳ್ಳಲಿ ಯಮ್ಮಾ. ಆಮೇಲೆ ಸಣ್ಣಗೆ ಬಂದ್ರೂ ನಮ್ಮ ತೊಟ್ಟಿಗೆ ಇಳಿಯುತ್ತೆ,” ಎಂದು ರುದೈನಾ ಹೇಳುತ್ತಲೇ ಇದ್ದಾಳೆ. “ಬಾಗಿಲಿಗೆ ಬಂದ ನೀರನ್ನ ಯಾರಾದ್ರೂ ಅಟ್ಟುತ್ತಾರೇನೇ?” ಎನ್ನುವುದು ತಾಯಿಯ ಮಾತು.

ಇವತ್ತು ಪೈಪು ಗೊರಗೊರ ಎನ್ನುತ್ತಿದ್ದಂತೆ ಮಾಳಿಗೆಯ ಟ್ಯಾಂಕಿಗೆ ನೀರು ಧಬಧಬನೆ ಬೀಳತೊಡಗುತ್ತದೆ. ರುದೈನಾ ಅಚ್ಚರಿಯಿಂದ ಕೆಳಗೆ ಬಗ್ಗಿ ನೋಡುತ್ತಾಳೆ. ಅಂಗಳದಲ್ಲಿ ಉಮ್ ನಿಜಾರ್ ತಮ್ಮ ತೊಟ್ಟಿಯ ವಾಲ್ವನ್ನು ತಾವೇ ತಿರುಗಿಸಿ ಮುಚ್ಚಿ, ಒಣ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

“ಹಾಗೇನು ನೋಡ್ತೀಯ? ನಿನ್ನ ಮಾತು ನಿಜವಾ ಅಂತ ನೋಡೇಬಿಡೋಣ. ನಮಗೆ ಬರದೇ ಹೋದ್ರೆ ಒಂದು ವಾರ ನೀರು ನೀನೇ ಹೊರ್ತೀಯ!”

ಮೇಲಿನ ಟ್ಯಾಂಕುಗಳು ತುಂಬಿದ ಮೇಲೆ ಅವರು ವಾಲ್ವ್ ತೆರೆಯುತ್ತಾರೆ. ಬೆರಳುಗಾತ್ರದ ಧಾರೆ ತೊಟ್ಟಿಗೆ ಇಳಿಯುತ್ತದೆ, ನಿಲ್ಲುವುದಿಲ್ಲ. ತಾಯಿ ಅದರ ಕೆಳಗೆ ಕೈ ಹಿಡಿದು ನೋಡಿ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮಗಳತ್ತ ತಿರುಗುತ್ತಾರೆ.

“ಆ ಚೀಲದಲ್ಲಿ ಬಚ್ಚಿಟ್ಟಿರೋ ಕಾಗದ ನಾನು ಯಾವತ್ತೋ ನೋಡಿದೀನಿ, ತಗೊಂಡು ಬಾ. ಅಂಚೆಗೆ ನಾನೂ ಬರ್ತೀನಿ.”

ಅಂಚೆ ಕಚೇರಿಯ ಗುಮಾಸ್ತ ಅದೇ ಬೀದಿಯವನು. “ಏನ್ ಖಾಲಾ, ನಿಮ್ಮ ನರ್ಸಮ್ಮನ ಓದು ಮುಗೀತಾ?” ಎಂದು ಕೇಳುತ್ತಾನೆ. ಸಾಲಿನಲ್ಲಿ ನಿಂತ ಪರಿಚಯದ ಮುಖಗಳೆಲ್ಲ ಇತ್ತ ತಿರುಗುತ್ತವೆ. ರುದೈನಾ ತಲೆ ತಗ್ಗಿಸುತ್ತಾಳೆ.

ಉಮ್ ನಿಜಾರ್ ಮಗಳ ಕೈಯಿಂದ ಲಕೋಟೆ ತೆಗೆದುಕೊಂಡು ಕಿಟಕಿಯೊಳಗೆ ತಳ್ಳುತ್ತಾರೆ.

“ನರ್ಸಲ್ಲಪ್ಪ, ನೀರಿನ ಇಂಜಿನಿಯರ್ ಆಗೋಳು. ಮೊದಲು ಮುದ್ರೆ ಒತ್ತು, ಎಲ್ಲರಿಗೂ ಕಾಣೋ ಹಾಗೆ ಒತ್ತು.”