ಟೇಲರ್ ಮಾವನ ಪೋಕರ್

ಹಿಂದವಾಡಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಬಾಜೂಕೆ ಒಬ್ಬ ಟೇಲರ್ ಇದ್ದರು. ಕೆಲಸವಿಲ್ಲದಾಗಲೂ ಕಾಲು ಖಾಲಿ ಮಷಿನ್ ತುಳಿಯುತ್ತಿತ್ತು, ಕೈ ಮೊಬೈಲಿನಲ್ಲಿ ರೊಕ್ಕ ಹಚ್ಚಿ ಪೋಕರ್ ಇಸ್ಪೀಟು ಆಡುತ್ತಿತ್ತು. ಸೋತರೆ ಕತ್ತರಿಯನ್ನು ಟೇಬಲ್ಲಿಗೆ ಕುಕ್ಕಿ, "ಸೋತಾವ್ನ ಸಿಟ್ಟು ಸುಳ್ಳ ಹೇಳೂದಿಲ್ಲರೀ" ಅನ್ನುತ್ತಿದ್ದರು.

ಒಂದು ದಿನ ಮೊಬೈಲ್ ನನ್ನ ಮುಂದೆ ಹಿಡಿದರು. "ಈ ಆಟಗಾರನ್ನ ನೋಡ್ರಿ. ದಿನಾ ರೊಕ್ಕ ಹಚ್ಚತಾನ, ಕಡೀಕ ಛಲೋ ಎಲಿ ಇದ್ರೂ ಒಗದು ಅದೇ ಒಬ್ಬಗ ಸೋಲ್ತಾನ. ಇದು ಆಟ ಅಲ್ಲ, ಯಾರದೋ ಕದ್ದ ರೊಕ್ಕ ದಾಟಸೂದು. ಆಟದ ಕಂಪನಿಗೆ ತಿಳಸ್ಲ್ಯೋ ಬ್ಯಾಡೋ?"

"ತಿಳಸ್ರಿ. ನಿಮಗ್ಯಾಕ ಅಂಜಿಕಿ?"

ಮಷಿನ್ ಇನ್ನೂ ಜೋರಾಗಿ ತಿರುಗಿತು. "ಅವರು ಎಲ್ಲಾರ ಆಟಾನೂ ಕೆದರಿ ನೋಡ್ತಾರ್ರೀ. ನಾನೂ ಹಂಗ ನಮ್ಮ ಅಳಿಯಾಗ ಸೋತೇನಿ."

ಖಾನಾಪುರದ ಅಳಿಯನ ಕೆಲಸ ಹೋಗಿತ್ತು. ಕೈಯಲ್ಲಿ ರೊಕ್ಕ ಕೊಟ್ಟರೆ ಮುಟ್ಟುವವನಲ್ಲ. ದೀಪಾವಳಿಗೆ ಇಸ್ಪೀಟಿಗೆ ಕೂತಾಗ ಮಾವ ಬೇಕಂತಲೇ ಅಳಿಯನಿಗೆ ಸೋಲುವುದು ಅವರ ಮನೆತನದ ರೂಢಿ. ಇವರು ಅದನ್ನು ವರ್ಷವಿಡೀ ಮೊಬೈಲಿನಲ್ಲಿ ನಡೆಸಿದ್ದರು.

ಅವತ್ತು ಒಂದು ಪ್ಯಾಂಟೂ ಹೊಲಿಯಲಿಲ್ಲ. ಸಂಜೆ, "ರೊಕ್ಕ ಕಳಕೊಂಡಾವ ಎಲ್ಲೋ ಅಳಾಕತ್ತಿರ್ತಾನ" ಎಂದು ಕಂಪನಿಗೆ ತಿಳಿಸಿಯೇಬಿಟ್ಟರು.

ಅಂಜಿದಂತೆಯೇ ಆಯಿತು. ಮಾವ ಅಳಿಯ ಇಬ್ಬರ ಖಾತೆಗಳೂ ಬಂದ್ ಆದವು. ಮಾವ ಬೇಕಂತ ಸೋತದ್ದೇ ಕಾರಣವೆಂದು ಕಂಪನಿ ಬರೆದದ್ದನ್ನು ಓದಿ ಅಳಿಯ ಬಂದವನೇ ಬಾಗಿಲಲ್ಲಿ ನಿಂತ. "ಮಾಮಾ, ನಾ ಒಮ್ಮೆರ ಖರೇನ ಗೆದ್ದಿದ್ನೋ ಇಲ್ಲೋ?"

ಮಷಿನ್ ನಿಂತಿತು. ಟೇಬಲ್ ತುಂಬ ಕತ್ತರಿ ಕುಕ್ಕಿದ ಗುರುತುಗಳು. ಟೇಲರ್ ಎಲ್ಲಕ್ಕಿಂತ ಆಳವಾದುದರ ಮೇಲೆ ಬೆರಳಿಟ್ಟರು.

"ಇದು ನೀವು ಗೆದ್ದ ದಿನದ್ದರೀ."